ಬಿಚ್ಚದ ಹಗ್ಗ

ಕುದುರೆಯ ಉಸಿರು ನನ್ನ ಅಂಗೈಯಲ್ಲಿ ಬೆಚ್ಚಗೆ, ಒಣಹುಲ್ಲಿನ ವಾಸನೆ, ಅದರ ಮೇಲೆ ಪಕ್ಕದಲ್ಲಿ ಮಾಂಸ ಸುಡುವವನ ಹೊಗೆ — ಬಿಸಿಲು ಇನ್ನೂ ಬೆಟ್ಟ ಇಳಿದಿಲ್ಲ, ಆಗಲೇ ಸಂತೆಯ ಕೆಸರು ತುಳಿದು ತುಳಿದು ಹದವಾಗಿದೆ, ನಮ್ಮೂರು ಅತ್‌ಬಾಶಿಯ ಭಾನುವಾರದ ಸಂತೆಯೇ ಹೀಗೆ, ಕುರಿಗಳೂ ಗಂಡಸರೂ ಒಟ್ಟಿಗೆ ಕೂಗುತ್ತಾರೆ. ನನ್ನ ಗಂಡ ಮೆಲಿಸ್ ಅಲ್ಲಿ ದಲ್ಲಾಳಿಯ ಜೊತೆ ನಗುತ್ತಿದ್ದಾನೆ, ಟೋಪಿ ಹಿಂದಕ್ಕೆ ತಳ್ಳಿಕೊಂಡಿದ್ದಾನೆ, ಟೋಪಿ ಹಿಂದಕ್ಕೆ ಹೋಯಿತೆಂದರೆ ಬೆಲೆ ಕೂಡಿಬರುತ್ತಿದೆ ಎಂದೇ, ಇನ್ನು ಸ್ವಲ್ಪ ಹೊತ್ತಿಗೆ ಈ ಕೆಂದ ಹೆಣ್ಣುಕುದುರೆ ನಮ್ಮದಲ್ಲ, ಅದರ ಹೊಟ್ಟೆಯ ಮರಿಯೂ ನಮ್ಮದಲ್ಲ, ಬೇಸಿಗೆಗೆ ಕುದುರೆ ಹಾಲಿಲ್ಲ, ಎಲ್ಲವೂ ಫೋನಿನೊಳಗಿನ ಆ ಕ್ರಿಪ್ಟೊ ಟೋಕನ್ ಆಗುತ್ತದೆ, ಹೋದ ವರ್ಷದ ಕುರಿಗಳು ಆದ ಹಾಗೆ, ಅವು ಅರ್ಧಕ್ಕೆ ಇಳಿದ ಹಾಗೆ — ಇಳಿದದ್ದು ಏರತ್ತೆ ಕಣೇ ಜಿಪಾರ್, ಅಂದಿದ್ದ ನಿನ್ನೆ, ಕಂಪನಿಯವರೇ ತಮ್ಮ ಟೋಕನ್ ವಾಪಸು ಕೊಂಡ್ಕೋತಾ ಇದಾರೆ, ಮಾಡಿದವನೇ ಕೊಂಡ್ಕೋತಾನೆ ಅಂದ್ರೆ ಅದರಲ್ಲಿ ಸತ್ವ ಇಲ್ದೆ ಇರತ್ತಾ, ಪೇಟೇಲಿ ಕಮ್ಮಿ ಆದಷ್ಟೂ ನಮ್ಮದಕ್ಕೆ ಬೆಲೆ. ಯಾವ ದುಡ್ಡಲ್ಲಿ ಕೊಳ್ತಾರೆ ಅಂದೆ. ಅವರ ದುಡ್ಡಲ್ಲಿ. ದುಡಿದದ್ದಾ, ನಮ್ಮಂಥವರಿಗೆ ಹೊಸದು ಮಾರಿ ಬಂದದ್ದಾ? ನೀನು ಹಾಲು ಕಡೀತಾ ಇರು ಮಾರಾಯ್ತಿ, ಲೆಕ್ಕ ನನಗಿರಲಿ. ಆದರೆ ಲೆಕ್ಕ ಹಾಲು ಕಡೆಯುವಾಗಲೇ ತಾನಾಗಿ ಆಗುತ್ತದೆ, ಹತ್ತು ಕೊಂಡ ತಿಂಗಳಲ್ಲೇ ಕಂಪನಿಯ ಕೊಟ್ಟಿಗೆಯಲ್ಲಿ ಮೂವತ್ತು ಹೊಸದು ಹುಟ್ಟಿದರೆ ಮಂದೆ ಕಡಿಮೆಯಾಗುವುದು ಎಲ್ಲಿಂದ. ಕೊಂಡದ್ದನ್ನ ಏನ್ ಮಾಡ್ತಾರೆ? ಸುಟ್ಟುಬಿಡ್ತಾರೆ, ಅಂದ್ರೆ ಯಾರ ಕೈಗೂ ಸಿಗದ ಕಡೆ ಕಳಿಸ್ತಾರೆ, ಬಾಗಿಲಿದೆ, ಬೀಗದಕೈ ಇಲ್ಲ. ಚಳಿಗಾಲಕ್ಕೆ ಕೊಯ್ದ ಕುದುರೆ ಹಾಗಾ? ಹ್ಞೂಂ, ಹಾಗೇ, ಕೊಯ್ದ ಕುದುರೆ ಮತ್ತೆ ಸಂತೆಗೆ ಬರುತ್ತಾ. ಬರುವುದಿಲ್ಲ, ಕೊಯ್ದದ್ದು ಬರುವುದಿಲ್ಲ —

ಅಪ್ಪನ ಬೂದು ಕುದುರೆ ಬಂದಿತ್ತು. ಇದೇ ಸಂತೆ, ಪುಟ್ಟ ಹುಡುಗಿ ನಾನು, ಅಪ್ಪನ ಕೋಟಿನ ಅಂಚು ಹಿಡಿದಿದ್ದೇನೆ, ಚಿಕ್ಕಪ್ಪ ಅಸಂಕುಲ್ ಯಾರೋ ಹೊರಗಿನವನ ಹಾಗೆ ಬಂದು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಏನಪ್ಪಾ ಇದು, ಕುದುರೆನಾ ಗಾಳಿನಾ, ಎಂದು ಹತ್ತು ಜನಕ್ಕೆ ಕೇಳುವಂತೆ ಕೂಗುತ್ತಾನೆ, ದಲ್ಲಾಳಿ ಇಬ್ಬರ ಕೈ ಸೇರಿಸಿ ಕುಲುಕುತ್ತಾನೆ, ಆ ಬೆಲೆ ಕೇಳಿ ಜನ ಬಾಯಿ ಬಿಟ್ಟರು, ಅಪ್ಪನ ಮುದಿ ಕುದುರೆಗಳೂ ಮಧ್ಯಾಹ್ನದೊಳಗೆ ಅದೇ ಗಾಳಿಯಲ್ಲಿ ದುಬಾರಿ ಬೆಲೆಗೆ ಮಾರಿಹೋದವು. ನನಗೆ ತಿಳಿಯದೆ ಹೋದದ್ದು ಒಂದೇ, ಅಪ್ಪ ಹಗ್ಗ ಬಿಚ್ಚಿಕೊಳ್ಳಲಿಲ್ಲ. ಕುದುರೆ ಮಾರಿದವನು ಅದರ ಮುಖದ ಹಗ್ಗ ಬಿಚ್ಚಿ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ, ಹಗ್ಗದ ಜೊತೆ ಮನೆಯ ಅದೃಷ್ಟ ಹೋಗಬಾರದು, ಇದು ಮಗುವಿಗೂ ಗೊತ್ತು. ಅಮ್ಮ ಹೆಣೆದ ಕೆಂಪು ಹಗ್ಗ ಕುದುರೆಯ ಮುಖದಲ್ಲೇ ಚಿಕ್ಕಪ್ಪನ ಹಿಂದೆ ಹೋಯಿತು. ಸಂಜೆ ಹೊಳೆಯಾಚೆಯ ಪಾಪ್ಲರ್ ಮರಗಳ ಹಿಂದಿನಿಂದ ಅದು ನಮ್ಮನೆಗೇ ವಾಪಸು ಬಂತು, ಬೂದು ಮುಖ, ಕೆಂಪು ಹಗ್ಗ. ಅಪ್ಪಾ, ಮಾರಿದ್ದಿ ಅಲ್ವಾ? ಸುಮ್ನೆ ಒಳಗೆ ಹೋಗು ಮಗಾ — ಮೆಲಿಸನ ಫೋನು ಈಗ ನನ್ನ ಕೋಟಿನಲ್ಲೇ ಇದೆ, ಜೇಬುಗಳ್ಳರ ಭಯಕ್ಕೆ ಅವನೇ ಕೊಟ್ಟದ್ದು, ನೋಡು, ಕಂಪನಿ ಖಾತೆ ಯಾರು ಬೇಕಾದ್ರೂ ನೋಡಬಹುದು, ಕೊಂಡದ್ದೆಲ್ಲ ಇಲ್ಲಿ ರಾಶಿ ಬಿದ್ದಿದೆ ಅಂತ ನಿನ್ನೆ ತೋರಿಸಿದ್ದ, ರಾಶಿ ಅಂದೆ, ಸುಟ್ಟಿಲ್ವಲ್ಲ, ಸುಡ್ತಾರೆ ಬಿಡೇ ಅಂದ. ಬೆರಳು ಮರಗಟ್ಟಿದೆ, ಎರಡೆರಡು ಸಲ ಒತ್ತಬೇಕು, ತೆರೆಯಿತು — ರಾಶಿ ಕರಗಿದೆ. ಸುಟ್ಟರೇ? ಅದು ಹೋದ ಕಡೆಯ ಹೆಸರು ಕೆಳಗಿದೆ, ಆ ಹೆಸರು ನನಗೆ ಗೊತ್ತು, ಮೆಲಿಸ್ ಇವತ್ತು ಕುದುರೆಯ ದುಡ್ಡು ಹಾಕಬೇಕೆಂದಿರುವ ಟೋಕನ್ ಮಾರುಪೇಟೆ ಅದೇ, ಕೊಂಡದ್ದನ್ನು ನಮಗೇ ಮಾರಲು ಮತ್ತೆ ಅಲ್ಲಿಗೇ ಮಂದೆಯಂತೆ ಹೊಡೆದುಕೊಂಡು ಬಂದಿದ್ದಾರೆ —

ಜಿಪಾರ್, ಬೆಲೆ ಕೂಡಿತು, ಹಗ್ಗ ಬಿಚ್ಚು! ಕೆಸರು ಹಾರಿಸುತ್ತ ಬರುತ್ತಿದ್ದಾನೆ, ಹಿಂದೆ ದಲ್ಲಾಳಿ, ಹಿಂದೆ ಕೊಳ್ಳುವವನು, ನನ್ನ ಬೆರಳು ಗಂಟಿನ ಮೇಲಿದೆ, ಬಿಚ್ಚಲ್ಲ ಎನ್ನುತ್ತೇನೆ, ಏನಂದೆ? ಬಿಚ್ಚಲ್ಲ, ಮೊದಲು ಇದನ್ನ ನೋಡು. ದಲ್ಲಾಳಿ ನಗುತ್ತಾನೆ, ಮನೇಲಿ ಅಪ್ಪಣೆ ತಗೊಂಡು ಸಂತೆಗೆ ಬರಬೇಕಿತ್ತಪ್ಪಾ. ಮೆಲಿಸ್ ನಗುವುದಿಲ್ಲ, ಫೋನು ಹಿಡಿದು ನಿಂತಿದ್ದಾನೆ, ಓದುತ್ತಾನೆ, ಮತ್ತೆ ಓದುತ್ತಾನೆ, ಟೋಪಿಯನ್ನು ನಿಧಾನವಾಗಿ ಮುಂದಕ್ಕೆ, ಹಣೆ ಮುಚ್ಚುವಂತೆ ಎಳೆದುಕೊಳ್ಳುತ್ತಾನೆ, ಕುದುರೆ ನನ್ನ ಅಂಗೈಗೆ ಉಸಿರು ಬಿಡುತ್ತದೆ, ಗಂಟು ಬೆರಳ ಕೆಳಗೆ ಬಿಗಿಯಾಗಿದೆ, ಮರಗಳ ಹಿಂದಿನಿಂದ, ಯಾರೂ ನೋಡದ ದಾರಿಯಲ್ಲಿ, ಬೂದು ಮುಖ, ಕೆಂಪು ಹಗ್ಗ