ತಾಮ್ರಜ್ಜನಿಗೆ ಹೇಳದೆ ಉಳಿದದ್ದು

ನಾಲ್ವರೂ ಊಟಕ್ಕೆ ಕೂತಿದ್ದರು. ಆಫೀಸಿನಲ್ಲಿ ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ ಕಥೆಯನ್ನು ಸೊಸೆ ಹೇಳುತ್ತಿದ್ದಳು. ಮಗನಿಗೆ ನಗು ತಡೆಯದೆ ಅನ್ನ ನೆತ್ತಿಗೇರಿತು. ತಾಮ್ರಜ್ಜ ಒಬ್ಬೊಬ್ಬರ ಬಾಯನ್ನೇ ನೋಡಿ, ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೂ ನಕ್ಕ.

"ಏನಂತೆ?"

"ಏನಿಲ್ಲ ಬಿಡಿ, ಊಟ ಮಾಡಿ," ಎಂದಳು ಹೆಂಡತಿ. ಓಣಿಗೆಲ್ಲ ಅವಳು ಅಜ್ಜಿ.

ನಲವತ್ತು ವರ್ಷ ತಾಮ್ರದ ಪಾತ್ರೆ ತಟ್ಟಿ ಸವೆದ ಕಿವಿ ಅವನದು. ಅವನ ಮೇಲೆ ಮನೆಯಲ್ಲಿ ಯಾರಿಗೂ ಪ್ರೀತಿ ಕಮ್ಮಿಯಿರಲಿಲ್ಲ. ಬಿಸಿ ಊಟ, ಮಡಿಸಿಟ್ಟ ಬಟ್ಟೆ, ಹೊತ್ತಿಗೆ ಸರಿಯಾಗಿ ಮಾತ್ರೆ, ಎಲ್ಲವೂ ಇತ್ತು. ಮಾತು ಮಾತ್ರ ಇರಲಿಲ್ಲ. ಒಂದೇ ಮಾತನ್ನು ಮೂರು ಸಲ ಕೂಗಿ ಹೇಳುವಷ್ಟು ಗಂಟಲು ಯಾರಿಗಿದೆ? ಆರು ವರ್ಷ ಹೀಗೇ ಕಳೆದು, ಕಡೆಗೆ ಅವನು 'ಏನಂತೆ' ಎಂದು ಕೇಳುವುದನ್ನೇ ಬಿಟ್ಟ. ಮುದುಕರಿಗೆ ಶಾಂತಿ ಬಂತು, ದೇವರ ದಯೆ ಎಂದುಕೊಂಡಳು ಅಜ್ಜಿ.

ಒಂದು ಬೆಳಿಗ್ಗೆ ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಂಡ ತಾಮ್ರಜ್ಜ, ಬಹಳ ಮರ್ಯಾದೆಯಿಂದ ಕೇಳಿದ: "ನೀವು ಯಾರ ಮನೆಯವರಮ್ಮಾ?"

ಅಂದೇ ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕೇಳಿದರು, "ಕಿವಿ ಹೀಗಾಗಿ ಎಷ್ಟು ದಿನ ಆಯ್ತು?"

"ವಯಸ್ಸಾಯ್ತಲ್ಲ ಡಾಕ್ಟ್ರೆ," ಎಂದ ಮಗ. "ಮಿಷನ್ ಹಾಕ್ಕೊಳ್ಳಿ ಅಂದ್ರೆ, ಕಿವುಡ ಅಂತ ಬೋರ್ಡ್ ತಗಲಾಕ್ಕೊಂಡು ಓಡಾಡ್ಲಾ ಅಂತ ಬೈದ್ರು. ನಾವೂ ಸುಮ್ಮನಾದ್ವಿ."

"ಕಿವಿ ಕೇಳದೇ ಇದ್ರೆ ಜನರ ಜೊತೆ ಮಾತು ನಿಲ್ಲುತ್ತೆ. ಮಾತು ನಿಂತ್ರೆ ಮೆದುಳಿಗೆ ಕೆಲಸ ಇಲ್ಲ. ಮರೆವಿಗೆ ಅದೊಂದೇ ಕಾರಣ ಅನ್ನಲ್ಲ. ಅದೂ ಒಂದು ಕಾರಣ ಇರಬಹುದು."

"ಈಗ ಮಿಷನ್ ಹಾಕಿದ್ರೆ ಸರಿಹೋಗ್ತಾರಾ ತಾಯಿ?" ಅಜ್ಜಿಯ ದನಿ ಒಡೆದಿತ್ತು.

"ಹೋದದ್ದು ಬರುತ್ತೆ ಅಂತ ಹೇಳಲಾರೆ ಅಜ್ಜಿ. ಇರೋದನ್ನ ಕಾಪಾಡ್ಕೊಳ್ಳೋಕೆ ನೋಡೋಣ. ಮಿಷನ್ ಹಾಕಿ ಮೂಲೇಲಿ ಕೂರಿಸಬೇಡಿ. ಮಾತಾಡಿಸಿ."

ಮಿಷನ್ ಬಂತು. ಆ ಮಧ್ಯಾಹ್ನ ಅಜ್ಜಿ ಸ್ಟೂಲು ಎಳೆದುಕೊಂಡು, ಗಂಡನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ನಿಮ್ಮ ತಂಗಿ ಕಣ್ಣು ಮುಚ್ಚೋ ಮುಂಚೆ ನಿಮ್ಮ ಕೈ ಹಿಡ್ಕೊಂಡು ಏನೋ ಹೇಳಿದ್ಲಲ್ಲ, ನಿಮಗೆ ಕೇಳಿಸಲಿಲ್ಲ. ಆಮೇಲೆ ಹೇಳ್ತೀನಿ ಅಂದೆ. ಹೇಳಲೇ ಇಲ್ಲ, ಪಾಪಿ ನಾನು. 'ನಾನು ಓದಲಿ ಅಂತ ನೀನು ಶಾಲೆ ಬಿಟ್ಟು ಸುತ್ತಿಗೆ ಹಿಡಿದೆ, ಅಣ್ಣಾ. ಒಂದು ದಿನಾನೂ ಮರೆತಿಲ್ಲ' ಅಂದ್ಲು."

ತಾಮ್ರಜ್ಜ ಒಂದಕ್ಷರವೂ ಬಿಡದಂತೆ ಕೇಳಿಸಿಕೊಂಡ. ಅವನ ಕಣ್ಣು ಒದ್ದೆಯಾಯಿತು.

"ಪಾಪ, ಒಳ್ಳೇ ಹುಡುಗಿ," ಎಂದ. "ಯಾರ ತಂಗಿ?"

ಅಜ್ಜಿ ಸೆರಗನ್ನು ಬಾಯಿಗೊತ್ತಿ ಹಿಡಿದಳು. ಒಳಗೊಳಗೇ ದೇವರನ್ನು ನೆನೆದು, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಿಮ್ಮ ತಂಗಿ. ನಿಮಗಿಂತ ಆರು ವರ್ಷ ಚಿಕ್ಕವಳು. ಎರಡು ಜಡೆ, ಮಹಾ ಹಟಮಾರಿ. ನಿಮ್ಮ ಹೆಗಲ ಮೇಲೆ ಕೂತೇ ಶಾಲೆಗೆ ಹೋಗೋಳಂತೆ..."

ಅವಳು ಮಾತು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಮ್ರಜ್ಜ ಮುಂದಕ್ಕೆ ಬಾಗಿದ.

"ಹೇಳಿ ತಾಯಿ," ಎಂದ. "ಕೇಳಿಸ್ತಿದೆ."