ಒಂಬತ್ತನೆಯವನ ಮಾತು

ದುಭಾಷಿ ಆ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ನ್ಯಾಯಾಲಯ, ಆಸ್ಪತ್ರೆ, ವಲಸೆ ಕಚೇರಿ ಎಂದು ಅಲೆದಾಡುತ್ತ, ತನ್ನ ದೇಶದವರ ಮಾತನ್ನು ಇಲ್ಲಿನ ಭಾಷೆಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಬರುವವರೆಲ್ಲ ಪಟ್ಟಣದ ಕಡೆಯವರು. ಅವಳು ಹುಟ್ಟಿದ ಕಣಿವೆಯ ಮಾತು ಕಿವಿಗೆ ಬಿದ್ದು ಯಾವ ಕಾಲವಾಗಿತ್ತೋ. ಜೊತೆಗಿದ್ದ ಅಕ್ಕನಂತೂ, "ಬಿಟ್ಟು ಬಂದಿದ್ದನ್ನ ನಾಲಿಗೆ ಮೇಲೆ ಹೊತ್ಕೊಂಡು ತಿರುಗಬಾರದು ಕಣೇ" ಎಂದು ಮನೆಯೊಳಗೂ ಇಲ್ಲಿನ ಭಾಷೆಯನ್ನೇ ಆಡುತ್ತಿದ್ದಳು.

ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು ಅರವತ್ತೆರಡು ಜನ ಸತ್ತರು. ದಿನಾ ಬೆಳಿಗ್ಗೆ "ಇವತ್ತೂ ಲೇಟಾ ಮೇಡಂ?" ಎಂದು ಛೇಡಿಸುತ್ತಲೇ ದುಭಾಷಿಯ ಕೈಗೆ ಪತ್ರಿಕೆ ತುರುಕುತ್ತಿದ್ದ ಹೆಂಗಸೂ ಅವರಲ್ಲಿ ಒಬ್ಬಳು. ಹನ್ನೊಂದನೆಯ ದಿನ ತನಿಖಾಧಿಕಾರಿಯಿಂದ ಕರೆ ಬಂತು.

"ಕೂತ್ಕೊಳ್ಳಿ. ಬಾಂಬಿಟ್ಟವರು ಒಂಬತ್ತು ಜನ, ಎಲ್ಲರೂ ಅಲ್ಲೇ ಸತ್ತಿದ್ದಾರೆ. ಎಂಟು ಜನ ನಿಮ್ಮ ದೇಶದ ಪಕ್ಕದ ದೇಶದವರು ಅಂತ ಖಾತ್ರಿಯಾಗಿದೆ. ಒಂಬತ್ತನೆಯವನ ಹತ್ರ ಒಂದು ಚೂರು ಕಾಗದವೂ ಸಿಕ್ಕಿಲ್ಲ. ತಾಯಿಗೆ ಅಂತ ಏನೋ ಮಾತಾಡಿ ಫೋನಲ್ಲಿ ಇಟ್ಕೊಂಡಿದ್ದಾನೆ, ಕಳಿಸಿಲ್ಲ. ಆ ದೇಶ, ನಿಮ್ಮ ದೇಶ ಎರಡರಲ್ಲೂ ಭಾಷೆ ಒಂದೇ ಅಂತಾರೆ. ಅವನೂ ಆ ಎಂಟು ಜನರ ಕಡೆಯವನೇ ಇರಬೇಕು. ಕೇಳಿ, ಒಂದು ಸಹಿ ಹಾಕಿಬಿಡಿ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಉಸಿರು. ಆಮೇಲೆ, "ಒಲೆ ಆರಿತೇನಮ್ಮಾ?"

ಊಟ ಆಯಿತಾ ಎಂದು ಕೇಳಲು ಹಾಗೆನ್ನುವವರು ಅವಳ ಕಣಿವೆಯವರು ಮಾತ್ರ. ಎರಡು ದೇಶಗಳ ನಡುವೆ ಹರಿಯುವ ಹೊಳೆ ದಾಟಿದರೆ ಆ ಮಾತು ಯಾರಿಗೂ ಅರ್ಥವಾಗದು. ಕೊನೆಯ ಸ್ವರವನ್ನು ಎಳೆದು, ಮೇಲಕ್ಕೆತ್ತಿ, ಗಂಟಲಲ್ಲೇ ಬಿಟ್ಟುಬಿಡುವ ರಾಗವೂ ಅದೇ. ಅಮ್ಮ, ಚಿಕ್ಕಮ್ಮ, ಬಾವಿಕಟ್ಟೆಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದ ನೆರೆಮನೆಯ ಅಜ್ಜಿ, ಎಲ್ಲರೂ ಒಮ್ಮೆಗೇ ಆ ಚಿಕ್ಕ ಕೋಣೆಗೆ ನುಗ್ಗಿದ ಹಾಗಾಯಿತು.

"ಇನ್ನೊಂದ್ಸಲ ಹಾಕ್ತೀರಾ? ಸರಿಯಾಗಿ ಕೇಳಿಸಲಿಲ್ಲ."

ಕೇಳಿಸಿತ್ತು. ಆದರೂ ನಾಲ್ಕು ಸಲ ಹಾಕಿಸಿದಳು. ನಾಲ್ಕನೆಯ ಸಲ ಪತ್ರಿಕೆಯ ಹೆಂಗಸಿನ ನೆನಪಾಗಿ, ಕದ್ದು ಸಿಕ್ಕಿಬಿದ್ದವಳಂತೆ ಹೆಡ್‌ಫೋನ್ ಕಿತ್ತಿಟ್ಟಳು.

"ಪಕ್ಕದ ದೇಶದವನೇ ತಾನೇ?"

ಹೂಂ ಎಂದರೆ ಮುಗಿಯಿತು. ಅವಳ ದೇಶದ ಹೆಸರು ಪಟ್ಟಿಗೇ ಬರುತ್ತಿರಲಿಲ್ಲ. ಅವಳು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಲ್ಲ ಸಾರ್. ನಮ್ಮ ದೇಶದವನು. ನಮ್ಮ ಕಣಿವೆಯವನು" ಎಂದು ಹೇಳಿ, ಹಾಗೆಯೇ ಬರೆದು ಸಹಿ ಹಾಕಿದಳು.

ಎರಡೇ ದಿನದಲ್ಲಿ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಎಂಟು ಜನರ ದೇಶವನ್ನು ಊರು ಆಗಲೇ ಮರೆತಂತಿತ್ತು. ಒಂಬತ್ತನೆಯವನ ದೇಶದ್ದೇ ಮಾತು. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಹದಿನೆಂಟು ವರ್ಷ ಅವಳ ಪಕ್ಕದಲ್ಲೇ ನಿಂತು ಇಸ್ತ್ರಿ ಹಾಕಿದ ಜೊತೆಗಾತಿ ಅವತ್ತು ತನ್ನ ಮೇಜನ್ನು ಗೋಡೆಯ ಕಡೆಗೆ ಎಳೆದುಕೊಂಡಳಂತೆ.

ಸಂಜೆ ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಅವನ್ಯಾರೋ ಪಾಪಿ ಮಾಡಿದ್ದಕ್ಕೆ ನಾನು ತಲೆ ತಗ್ಗಿಸ್ಕೊಂಡು ಬರಬೇಕಾ? ಯಾವಳೋ ದುಭಾಷಿ ಹೇಳಿದ್ಲಂತೆ ಅಂತಾರೆ. ನೀನೇ ತಾನೇ?"

"ನಾನೇ ಅಕ್ಕಾ."

"ಸುಮ್ನೆ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಆ ಮಾತು ನಮ್ಮದಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ."

ಅಕ್ಕ ಕುರ್ಚಿ ಎಳೆದು ಕೂತಳು. ಕೇಳಿದಳು: "ಏನಂದ ಅವನು?"

"ಹೇಳೋ ಹಾಗಿಲ್ಲ."

"ವಿಷಯ ಬೇಡ ನಂಗೆ. ಹೇಗಂದ? ನಮ್ಮಮ್ಮ ಮಾತಾಡ್ತಿದ್ದ ಹಾಗೇನಾ?"

ದುಭಾಷಿ ಹೌದೆಂದು ತಲೆಯಾಡಿಸಿದಳು. "ಕೊಂದವನು ಅಂತ ಗೊತ್ತಿದ್ದೂ ಮತ್ತೆ ಮತ್ತೆ ಕೇಳಿಸ್ಕೊಂಡೆ ಅಕ್ಕಾ. ನಾಚಿಕೆ ಆಗುತ್ತೆ."

ಅಕ್ಕ ಬಗ್ಗಿ ಚಪ್ಪಲಿ ಬಿಚ್ಚಿದಳು. ಬಗ್ಗಿದಲ್ಲಿಂದಲೇ, ಇಪ್ಪತ್ತೆರಡು ವರ್ಷ ಆಡದಿದ್ದ ಮಾತಿನಲ್ಲಿ, ಅದೇ ರಾಗದಲ್ಲಿ, ತಡವರಿಸುತ್ತ ಶುರುಮಾಡಿದಳು. ಅಮ್ಮ ಹಿಟ್ಟು ಸಾಣಿಸುವಾಗ ತಾನು ಊದಿಬಿಟ್ಟದ್ದು, ಅಮ್ಮನ ಮುಖವೆಲ್ಲ ಬೆಳ್ಳಗಾದದ್ದು, ಅಮ್ಮ ಅಂಗಳ ಪೂರ್ತಿ ಅಟ್ಟಿಸಿಕೊಂಡು ಬಂದದ್ದು. "ಕೈಯಲ್ಲಿ ಹಿಡ್ಕೊಂಡಿದ್ಲಲ್ಲ ಅದು…" ಎಂದವಳು ನಿಂತಳು. ಜರಡಿಗೆ ಅವರ ಕಣಿವೆಯಲ್ಲಿ ಬೇರೆಯದೇ ಹೆಸರಿತ್ತು. "ಏನಂತಿದ್ವೇ ಅದಕ್ಕೆ?"

ದುಭಾಷಿ ಬಾಯಿ ತೆರೆದಳು. ಅವಳಿಗೂ ಹೊಳೆಯಲಿಲ್ಲ. ಇಬ್ಬರೂ ಗಾಳಿಯಲ್ಲಿ ಕೈಯಾಡಿಸಿ ಸಾಣಿಸುತ್ತ, ಒಬ್ಬರ ತುಟಿಯನ್ನು ಇನ್ನೊಬ್ಬರು ನೋಡುತ್ತ ಆ ಹೆಸರಿಗಾಗಿ ಹುಡುಕಿದರು.