ಬಲಗಡೆಯ ಬಾಕ್ಸ್

ಚಾಮರಾಜನಗರದ ಗೃಹಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಈ ಒಂದು ಸಂಗತಿಯನ್ನು ಬಿಡುವಂತಿಲ್ಲ: ಈಚೆಗೊಂದು ಸೋಮವಾರ, ನಿವೃತ್ತ ಶಿರಸ್ತೇದಾರ ಶಿವರಾಮುವಿನ ಮನೆಯ ಹಾಲ್‌ನಲ್ಲಿ, ಟಿ.ವಿ. ಪಕ್ಕದ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂದಾನಿಯನ್ನು ತೆಗೆದು ಫ್ರಿಜ್ ಮೇಲೆ ಇಡಲಾಯಿತು. ಗೃಹಪ್ರವೇಶದ ದಿನದಿಂದ ಅದು ಕದಲಿರಲಿಲ್ಲ. ಮಗಳ ಮದುವೆಗೂ ಸುಣ್ಣಬಣ್ಣಕ್ಕೂ ಜಗ್ಗದೆ ಕೂತಿದ್ದು, ಒಂದು ಆಂಪ್ಲಿಫೈಯರಿಗೆ ಜಾಗ ಬಿಟ್ಟುಕೊಟ್ಟಿತು.

ಆಂಪ್ಲಿಫೈಯರ್ ಬಂದದ್ದು ಗುಂಡ್ಲುಪೇಟೆಯಿಂದ. ಅಲ್ಲಿ ಊಟಿ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಮುನಾವರ್, ತಂದೆಯ ರೇಡಿಯೋ ರಿಪೇರಿಯನ್ನು ವಯನಾಡಿನ ಎಸ್ಟೇಟಿನವರಿಗೆ ವಿದೇಶಿ ಆಡಿಯೋ ಒದಗಿಸುವ ವ್ಯಾಪಾರವಾಗಿ ಬೆಳೆಸಿದವನು. ಜೊತೆಗೆ ಎರಡು ಸ್ಪೀಕರನ್ನೂ ಕೊಟ್ಟು, ಭಾನುವಾರದವರೆಗೆ ಕೇಳಿ ನೋಡಿ ಎಂದಿದ್ದ. ಹಿಡಿಸಿದರೆ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ಸುಲ್ತಾನ್ ಬತ್ತೇರಿಯ ಗಿರಾಕಿಯೊಬ್ಬ ಕಾದಿದ್ದಾನೆ. ಪೆಟ್ಟಿಗೆಯನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಮುಂಭಾಗದಲ್ಲಿ ಎರಡೇ ಗುಂಡಿ. ಒಂದು ಸದ್ದಿಗೆ, ಇನ್ನೊಂದು ಯಾವುದರಿಂದ ಹಾಡಬೇಕು ಎಂದು ಆರಿಸುವುದಕ್ಕೆ.

“ಇಷ್ಟು ದಪ್ಪ ಮಿಷನ್‌ಗ ಎರಡೇ ಗುಂಡಿಯಾ?” ಎಂದಳು ಹೆಂಡತಿ ಕುಮಾರಿ. “ನಮ್ಮ ಮಿಕ್ಸಿಗೇ ಮೂರು ಅವ.”

ಶಿವರಾಮುವಿನ ಆಸೆಗೆ ಕಾರಣವಿತ್ತು. ಕುಮಾರಿಯ ತಂದೆ, ಉಮ್ಮತ್ತೂರಿನ ಚಿಕ್ಕಬಸವಯ್ಯ, ತಂಬೂರಿ ಪದ ಹೇಳುವುದರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾದವರು. ಪದದ ಒಂದು ಸೊಲ್ಲೂ ಮರೆಯದ ಮಾವ ಎಂದು ಶಿವರಾಮು ಕಚೇರಿಯಲ್ಲಿ ಸಾಹೇಬರಿಗೂ ಕಕ್ಷಿದಾರರಿಗೂ ಸಮಾನವಾಗಿ ಹೇಳಿಕೊಂಡು ಬಂದವನು. ಹಿಂದೊಮ್ಮೆ ಮೈಸೂರಿನಿಂದ ಬಂದ ಜಾನಪದದ ಮೇಷ್ಟ್ರೊಬ್ಬರು ಚಿಕ್ಕಬಸವಯ್ಯನ ಮುಂದೊಂದು, ಹಿಮ್ಮೇಳಕ್ಕೆ ಕೂತ ಹೆಂಡತಿ ಸಣ್ಣತಾಯಮ್ಮನ ಮುಂದೊಂದು ಮೈಕ್ ಇಟ್ಟು, ಅವರ ದನಿ ಎಡಗಡೆಗೂ ಅವಳದು ಬಲಗಡೆಗೂ ಬರುವಂತೆ ರೆಕಾರ್ಡ್ ಮಾಡಿಕೊಂಡಿದ್ದರು. ಈಗ ಇಬ್ಬರೂ ಇಲ್ಲ. ಆ ಹಾಡು ಒಂದು ಪೆನ್‌ಡ್ರೈವಿನಲ್ಲಿದೆ. ಮನೆಯವರು ಅದನ್ನು ಈವರೆಗೆ ಕೇಳಿದ್ದೆಲ್ಲ ಫೋನಿನಲ್ಲಿ.

ಮಂಗಳವಾರ ಶಿವರಾಮು ಪಿಂಚಣಿದಾರರ ಸಭೆಗೆ ಹೋಗಿ ಬರುವಷ್ಟರಲ್ಲಿ, ಕುಮಾರಿಯ ಅಣ್ಣನ ಮಗ ಸೋಮೇಶ್ ಎಲ್ಲ ಜೋಡಿಸಿ ಮುಗಿಸಿದ್ದ. ಸೋಮೇಶನದು ಶಾಮಿಯಾನ ಮತ್ತು ಮೈಕ್‌ಸೆಟ್ ಕೆಲಸ. ಒಂದು ಸ್ಪೀಕರ್ ಹಾಲ್‌ನಲ್ಲಿತ್ತು. ಇನ್ನೊಂದು, ಬಲಗಡೆಯದು, ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿ. ವೈರ್‌ಗೆ ಉದ್ದಕ್ಕೂ ಕ್ಲಿಪ್ಪು ಹೊಡೆದು ಗೋಡೆಗೆ ಕೂರಿಸಲಾಗಿತ್ತು.

“ಏನ್ಲಾ ಇದು?”

“ಯಾಕ ಮಾವ? ಎರಡು ಬಾಕ್ಸೂ ಒಂದೇ ಕಡೆ ಮಡಗಿದ್ರ ಅಡ್ಗ ಮಾಡೋರು ಏನ ಕೇಳಾರು? ಮದ್ವ ಮನೇಲಿ ಒಂದು ಚಪ್ಪರಕ್ಕ, ಒಂದು ಒಲೆ ತಾವ್ಕ. ಭಟ್ರಿಗ ಹಾಡು ಕೇಳ್ನಿಲ್ಲ ಅಂದ್ರ ಸಾರಿಗ ಉಪ್ಪೇ ಬೀಳಲ್ಲ.”

“ಇದು ಸ್ಟೀರಿಯೋ ಕಣ್ಲಾ! ಎರಡೂ ಕಿವಿಗೂ ಒಟ್ಗೇ ಬೀಳ್ಬೇಕು.”

“ನಿಮ್ಗೂ ಎರಡು ಕಿವಿ ಅವ, ಅತ್ತೆಗೂ ಎರಡವ. ಆಳಿಗೊಂದು ಬಾಕ್ಸು. ಸರಿಯಾಗದಲ್ಲ? ಅದ್ಸರಿ, ಇದ್ರಲ್ಲಿ ಎಕೋ ಎಲ್ಲದ ಮಾವ?”

ಎಕೋ ಇಲ್ಲವೆಂದು ತಿಳಿದ ಸೋಮೇಶ್, ಮೋಸ ಹೋದವರನ್ನು ನೋಡುವ ಹಾಗೆ ಮಾವನನ್ನು ನೋಡಿ, ಪುಣಜನೂರಿನ ನಾಮಕರಣವೊಂದಕ್ಕೆ ಶಾಮಿಯಾನ ಹಾಕಲು ಹೊರಟುಹೋದ.

ಕ್ಲಿಪ್ಪು ಕೀಳುವ ಕೆಲಸವನ್ನು ಶಿವರಾಮು ನಾಳೆಗೆ ಮುಂದೂಡಿದ. ಸರ್ಕಾರಿ ನೌಕರಿ ಕಲಿಸಿದ ವಿದ್ಯೆ. ಆ ಹೊತ್ತಿಗೆ ಇದ್ದ ಹಾಗೇ ಪೆನ್‌ಡ್ರೈವ್ ಹಾಕಿದ. ಚಿಕ್ಕಬಸವಯ್ಯ ಎದುರಿಗೇ ಕೂತು ಕೆಮ್ಮಿದಂತೆ ಕೇಳಿಸಿತು. ಶಿವರಾಮು ಕಣ್ಣು ಮುಚ್ಚಿದ. ಒಳಗಿಂದ ಒಗ್ಗರಣೆ ಸೀದ ವಾಸನೆ ಬಂತು.

“ರೀ, ಮೊದ್ಲಿಂದ ಹಾಕಿ,” ಎಂದಳು ಕುಮಾರಿ.

ಹಾಕಿದ. ಮತ್ತೆ ಹಾಕಿ ಎಂದಳು. ಮೂರನೆಯ ಸಲ ಅವನೇ ಎದ್ದು ಒಳಗೆ ಹೋದ. ಅವಳು ಒಲೆ ಆರಿಸಿ ಬಾಕ್ಸಿನ ಹತ್ತಿರ ನಿಂತಿದ್ದಳು.

“ಕೇಳಿ. ಅವ್ವ ಎತ್ಕೊಡ್ತಾವ್ಳೆ.”

ಹಿಮ್ಮೇಳದ ಕ್ರಮವೆಂದರೆ ಮುಂದಾಳು ಸೊಲ್ಲು ಹೇಳಿದ ಮೇಲೆ ಅದನ್ನೇ ಮರುಹಾಡುವುದು. ಸಣ್ಣತಾಯಮ್ಮ ಮರುಹಾಡುತ್ತಿದ್ದಳು, ನಿಜ. ಆದರೆ ಪ್ರತಿ ಸೊಲ್ಲಿಗೂ ಮುಂಚೆ, ತಂಬೂರಿ ಮೀಟುತ್ತಿರುವಾಗಲೇ, ಮಗುವಿನ ಕಿವಿಯಲ್ಲಿ ಹೇಳಿದಂತೆ ತಗ್ಗಿದ ದನಿಯಲ್ಲಿ ಮುಂದಿನ ಸೊಲ್ಲಿನ ಮೊದಲ ಮಾತು ಕೊಡುತ್ತಿದ್ದಳು. ಆಮೇಲೆ ಚಿಕ್ಕಬಸವಯ್ಯ ಹಾಡುತ್ತಿದ್ದರು. ಕೆಲವು ಕಡೆ ತಂಬೂರಿ ಒಂದು ಸುತ್ತು ಹೆಚ್ಚು ಸುತ್ತುತ್ತಿತ್ತು. ಅದು ಮಾವನ ವಿಶೇಷ ಶೈಲಿ ಎಂದು ಶಿವರಾಮು ವರ್ಷಗಟ್ಟಲೆ ಜನರಿಗೆ ವಿವರಿಸಿದ್ದ. ಆ ಸುತ್ತಿನಲ್ಲಿ ಸಣ್ಣತಾಯಮ್ಮ ಮಾತು ಕೊಡುವ ಮುಂಚೆ ಉಸಿರು ಎಳೆದುಕೊಳ್ಳುತ್ತಿದ್ದಳು.

“ಕೇಳ್ದಾಗೆಲ್ಲ, ನಾನು ಬರೀ ದನಿಗ ದನಿ ಸೇರಿಸ್ದೆ ಕಣಮ್ಮಿ ಅಂತಿದ್ಲು,” ಎಂದಳು ಕುಮಾರಿ. ಬಾಕ್ಸಿನ ಮೇಲೆ ಬಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, “ಭಾನ್ವಾರ ಇದ್ನ ತಕ್ಕೊಂಡೋದ್ರ ಅವ್ವನ ದನೀನೂ ಓಯ್ತದಲ್ವಾ?” ಎಂದಳು.

ಕ್ಲಿಪ್ಪು ಕೀಳುವ ನಾಳೆ ಆ ವಾರ ಬರಲಿಲ್ಲ.

ಭಾನುವಾರ ಬಂದ ಮುನಾವರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡ. “ಯಾ ಅಲ್ಲಾ! ಸಾರ್, ಹಿಟ್ಟಿನ ಡಬ್ಬದ ಪಕ್ಕ ಇಟ್ಟಿದ್ದೀರಲ್ಲ ಸಾರ್!” ಮಾತಾಡಲು ಬಿಡದೆ ತಾನೇ ಕ್ಲಿಪ್ಪು ಕಿತ್ತು, ಎರಡು ಸ್ಪೀಕರನ್ನೂ ಹಾಲ್‌ನಲ್ಲಿ ಅಳೆದು ಇಟ್ಟು, ನಡುವಿನ ಕುರ್ಚಿಯಲ್ಲಿ ಕುಮಾರಿಯನ್ನು ಕೂರಿಸಿ ಹಾಡು ಹಾಕಿದ.

“ಹೆಂಗದೆ ಅಕ್ಕ?”

“ಚೆಂದಾಗದ ಕಣಪ್ಪ. ಅಪ್ಪ ಇಲ್ಲೇ ಕೂತಂಗದ.” ಅವಳು ಬಲಕ್ಕೆ ಬಾಗಿದಳು. “ಅವ್ವ ತಂಬೂರಿ ಹಿಂದ್ಕ ಓಗ್ಬುಟ್ಲು.”

“ಎಡಗಡೆ ತಗ್ಗಿಸೋ ಗುಂಡಿ ಇಲ್ವಾ?” ಎಂದು ಶಿವರಾಮು ಕೇಳಿದ.

“ಇಂಥ ಮಿಷನ್‌ಗೆ ಇರಲ್ಲ ಸಾರ್. ಒಳ್ಳೆ ಮಿಷನ್ನು.”

ಆ ನಡುವಿನ ಕುರ್ಚಿಗಾಗಿ ಶಿವರಾಮು ನಿವೃತ್ತಿಯ ಉದ್ದಕ್ಕೂ ಕಾದಿದ್ದ. ಹೆಂಡತಿ ಎದ್ದ ಮೇಲೆ ಅದರಲ್ಲಿ ಒಂದು ಪದ ಮುಗಿಯುವವರೆಗೆ ಕೂತ. ನಿಜಕ್ಕೂ ಚೆನ್ನಾಗಿತ್ತು.

“ಬಲಗಡೆ ಬಾಕ್ಸ್ ತಿರ್ಗಾ ಒಳಕ್ಕೇ ಇಟ್ಬುಡಪ್ಪ,” ಎಂದ.

“ಆಗಲ್ಲ ಸಾರ್. ಇದಕ್ಕಿಂತ ಬತ್ತೇರಿಗೆ ಕೊಡೋದು ವಾಸಿ. ಮುನಾವರ್ ಹಿಂಗೆ ಫಿಟ್ ಮಾಡ್ದ ಅಂದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ?”

“ಬಾಪ್ಪ ಇಲ್ಲಿ,” ಎಂದಳು ಕುಮಾರಿ. “ಒಂದು ಸಲ ಒಳಗಿಟ್ಟು ಕೇಳು. ಆಮ್ಯಾಲ ತಕ್ಕೊಂಡೋಗು.”

ಅವನು ಗೊಣಗುತ್ತ ಬಾಕ್ಸ್ ಎತ್ತಿಕೊಂಡು ಹೋದ. ಒಲೆಯ ಪಕ್ಕ ಕೈಕಟ್ಟಿ ನಿಂತ. ಎರಡನೆಯ ಸೊಲ್ಲಿಗೆ ಕೈ ಬಿಟ್ಟ. ನಾಲ್ಕನೆಯದಕ್ಕೆ ಬಾಗಿದ.

“ಮುಂಚೆ ಹೇಳ್ಕೊಡ್ತಾರಲ್ಲ, ಇವ್ರು ಯಾರು ಅಕ್ಕ?”

“ನಮ್ಮವ್ವ.”

“ನಿಮ್ಮ ತಂದೇವ್ರಿಗೆ ಗೊತ್ತಿತ್ತಾ?”

“ಕಾಯ್ತಾ ಕೂತವ್ರಲ್ಲಪ್ಪ. ಗೊತ್ತಿಲ್ದೆ ಕಾದಾರ?”

ಮುನಾವರ್ ಆ ಪದ ಮುಗಿಯುವವರೆಗೆ ನಿಂತಿದ್ದ. ಆಮೇಲೆ ಸುತ್ತಿಗೆ ಕೇಳಿ ಇಸಿದುಕೊಂಡು ಕ್ಲಿಪ್ಪುಗಳನ್ನು ಮತ್ತೆ ಹೊಡೆದ. ಯಾರು ಫಿಟ್ ಮಾಡಿದ್ದು ಎಂದು ಯಾರಿಗೂ ಹೇಳಬಾರದು ಎಂದ.

ಆಂಪ್ಲಿಫೈಯರ್ ಉಳಿಯಿತು. ಬತ್ತೇರಿಯವರು ಬೇರೆ ತರಿಸಿಕೊಂಡರು.